ಶ್ರೀ ಜಯಚಾಮರಾಜೇಂದ್ರ ಒಡೆಯರವರೂ ಪಿಯಾನೋ ವಾದ್ಯವೂ

ನಮ್ಮ ಶಾಲೆಯ ಪ್ರಾರ್ಥನಾ ಮಂದಿರದ ಮೂಲೆಯಲ್ಲಿರುವ ಹಾರ್ಮೋನಿಯಂ ಪೆಟ್ಟಿಗೆಯನ್ನು ಮರೆತಿರುವ ಹಳೆಯ ವಿದ್ಯಾರ್ಥಿನಿಯು ಒಬ್ಬಳೂ ಇರಲಾರಳೆಂದು ನಂಬಿದ್ದೇನೆ. ಕಳೆದ ವರ್ಷ ವಾರ್ಷಿಕೋತ್ಸವದ ಸಭೆಯು ಮುಗಿದು ಎಲ್ಲರೂ ಉಪಾಹಾರಕ್ಕೆ ತೆರಳಿದ್ದಾಗ, ಆದವಾನಿಯಿಂದ ಬಂದಿದ್ದ ಒಬ್ಬ ಹಳೆಯ ವಿದ್ಯಾರ್ಥಿನಿಯು ಆ ಪೆಟ್ಟಿಗೆಯ ಮುಂದೆ ಒಬ್ಬಳೇ ಕುಳಿತಿದ್ದುದನ್ನು ನಾನು ಕಂಡೆನು. ತಿದಿಯನ್ನೊತ್ತಿ ಎರಡು ಮೂರು ಸ್ವರಗಳನ್ನು ಹಿಡಿದು ನೋಡಿ ಆಕೆಯು ಮುಚ್ಚಳವನ್ನು ಮುಚ್ಚಿಬಿಟ್ಟಳು. ವಿವಾಹವಾಗಿ ಹೋದ ಮೇಲೆ ವಾದ್ಯವನ್ನು ಮುಟ್ಟಿಲ್ಲವೆಂದೂ, ಬೇಡವೆಂದವರು ಯಾರೂ ಇಲ್ಲವೆಂದೂ, ಒಂದಾದ ಮೇಲೊಂದು ಮನೆಯ ಹೊಣೆಯು ಬಂದು ದಿನಗಳು ಸರಿದುಹೋದವೆಂದೂ ಹೇಳಿದಳು. ಕೈ ಮರೆತರೂ ಆಸೆಯು ಏಕೆ ಮರೆಯದೆಂದು ನನ್ನನ್ನು ಕೇಳಿದಳು. ಆಗ ನಾನು ಉತ್ತರವನ್ನೇನೂ ಕೊಡಲಿಲ್ಲ. ಈ ಸ್ಮರಣ ಸಂಚಿಕೆಗೆ ಒಬ್ಬ ಪ್ರಸಿದ್ಧ ಪುರುಷರ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ ಆಕೆಯ ಮುಖವೇ ನನ್ನ ಕಣ್ಣ ಮುಂದೆ ಬಂದುದರಿಂದ, ಅಂಥದೇ ಆಸೆಯೊಂದನ್ನು ಕಡೆಯವರೆಗೆ ಹೊತ್ತಿದ್ದ ಒಬ್ಬರ ವಿಷಯವನ್ನು ಆರಿಸಿಕೊಂಡಿದ್ದೇನೆ.

ಅವರು ಮೈಸೂರಿನ ಕಡೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರು. ಅವರ ಆಳ್ವಿಕೆಯನ್ನೂ ವಿದ್ವತ್ತನ್ನೂ ಬಲ್ಲವರು ಬಹು ಮಂದಿ ಇದ್ದಾರೆ. ಯೌವನದಲ್ಲಿ ಅವರು ಬಯಸಿದ್ದುದು ಸಭಾಮಂದಿರಗಳಲ್ಲಿ ಪಿಯಾನೋ ನುಡಿಸುವ ವಾದಕರ ಬಾಳನ್ನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಪಿಯಾನೋ ವಾದ್ಯವನ್ನು ಕಣ್ಣಾರೆ ಕಾಣದ ಪೋಷಕರು ನಮ್ಮಲ್ಲಿ ಅನೇಕರಿರುವುದರಿಂದ ಅದರ ವಿಷಯವಾಗಿ ನಾಲ್ಕು ಮಾತು ಹೇಳುವುದು ಅವಶ್ಯ. ಹೊರಗಿನಿಂದ ನೋಡುವವರಿಗೆ ಅದರ ಬಿಳಿಯ ಮತ್ತು ಕರಿಯ ಪಟ್ಟಿಗಳು ನಮ್ಮ ಹಾರ್ಮೋನಿಯಂನ ಪಟ್ಟಿಗಳಂತೆಯೇ ಕಾಣುತ್ತವೆ. ಆದರೆ ಒಳಗಿನ ರಚನೆಯು ಬೇರೆ. ಹಾರ್ಮೋನಿಯಂನಲ್ಲಿ ತಿದಿಯಿಂದ ಬಂದ ಗಾಳಿಯು ಹಿತ್ತಾಳೆಯ ನಾಲಗೆಗಳನ್ನು ಅಲುಗಿಸಿ ನಾದವನ್ನುಂಟುಮಾಡುತ್ತದೆ. ಪಿಯಾನೋದಲ್ಲಿ ಪಟ್ಟಿಯನ್ನು ಒತ್ತಿದೊಡನೆ ಉಣ್ಣೆಯ ಮೆತ್ತೆಯನ್ನು ಹೊದಿಸಿದ ಮರದ ಪುಟ್ಟ ಸುತ್ತಿಗೆಯೊಂದು ಎದ್ದು ಉಕ್ಕಿನ ತಂತಿಗೆ ಬಡಿದು ಒಡನೆ ಹಿಂದಕ್ಕೆ ಬೀಳುತ್ತದೆ. ಈಗಿನ ಪಿಯಾನೋದಲ್ಲಿ ಇಂತಹ ಪಟ್ಟಿಗಳು ೮೮ ಇರುತ್ತವೆ. ಬಿಳಿಯವು ೫೨, ಕರಿಯವು ೩೬. ಬೆರಳು ಮೆಲ್ಲನೆ ತಾಕಿದರೆ ಮೆಲ್ಲನೆಯ ದನಿಯೂ, ಬಲವಾಗಿ ತಾಕಿದರೆ ಗಟ್ಟಿಯಾದ ದನಿಯೂ ಹೊರಡುವುದರಿಂದಲೇ ಇಟಲಿ ದೇಶದವರು ಅದಕ್ಕೆ ಮೆಲುದನಿ, ಗಟ್ಟಿದನಿ ಎಂಬರ್ಥದ ಹೆಸರಿಟ್ಟರು. ಸುಮಾರು ೧೭೦೦ನೆಯ ಇಸವಿಯ ಹೊತ್ತಿಗೆ ಫ್ಲಾರೆನ್ಸ್ ನಗರದ ಕ್ರಿಸ್ತೋಫೊರಿ ಎಂಬ ಕುಶಲಿಯು ಇದನ್ನು ನಿರ್ಮಿಸಿದನು. ಒಂದು ಕೊರತೆಯನ್ನು ಮಾತ್ರ ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವುದು ಪಿಯಾನೋಗೆ ಸಾಧ್ಯವಿಲ್ಲ. ನಮ್ಮ ಸಂಗೀತದ ಜೀವವಾದ ಗಮಕವು ಅದರಿಂದ ಹೊರಡದು.

ಶ್ರೀ ಜಯಚಾಮರಾಜೇಂದ್ರರು ೧೯೧೯ನೆಯ ಇಸವಿ ಜುಲೈ ೧೮ನೆಯ ತಾರೀಖಿನಂದು ಮೈಸೂರಿನಲ್ಲಿ, ಯುವರಾಜ ಶ್ರೀ ಕಂಠೀರವ ನರಸಿಂಹರಾಜ ಒಡೆಯರವರಿಗೂ ಯುವರಾಣಿ ಶ್ರೀ ಕೆಂಪು ಚೆಲುವಾಜಮ್ಮಣ್ಣಿಯವರಿಗೂ ಏಕಮಾತ್ರ ಪುತ್ರರಾಗಿ ಜನಿಸಿದರು. ಅವರಿಗೆ ಮೂವರು ಸೋದರಿಯರಿದ್ದರು. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಆಗ ಸಿಂಹಾಸನಾರೂಢರಾಗಿದ್ದರು. ಆ ಅರಮನೆಯಲ್ಲಿ ಸಂಗೀತವು ಗಾಳಿಯಂತೆ ಎಲ್ಲೆಲ್ಲಿಯೂ ತುಂಬಿದ್ದಿತೆಂದರೆ ಅತಿಶಯವಲ್ಲ. ನಾಲ್ವಡಿಯವರು ತಾವೇ ವೀಣೆ, ಪಿಟೀಲು, ಕೊಳಲು, ಪಿಯಾನೋ ಮುಂತಾಗಿ ಎಂಟು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಆಸ್ಥಾನದಲ್ಲಿ ಕರ್ಣಾಟಕ ಸಂಗೀತದ ವಿದ್ವಾಂಸರ ಪಕ್ಕದಲ್ಲಿಯೇ ಪಾಶ್ಚಾತ್ಯ ವಾದ್ಯಗೋಷ್ಠಿಯೂ ಇದ್ದು, ಆಟ್ಟೋ ಷ್ಮಿಟ್ ಎಂಬ ಜರ್ಮನ್ ದೇಶೀಯರು ಅದನ್ನು ನಡೆಸುತ್ತಿದ್ದರು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಪಿಯಾನೋದಲ್ಲಿ ಮನಸ್ಸು ನೆಟ್ಟುದರಲ್ಲಿ ಆಶ್ಚರ್ಯವಿಲ್ಲ.

ಓದಿನಲ್ಲಿಯೂ ಅವರು ಹಿಂದುಳಿದವರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಿಂದ ೧೯೩೮ರಲ್ಲಿ ಪದವೀಧರರಾದಾಗ ಪದಕಗಳನ್ನೂ ಬಹುಮಾನಗಳನ್ನೂ ಗಳಿಸಿದರು. ಮರುವರ್ಷ ಯೂರೋಪಿನ ಪ್ರವಾಸ ಮಾಡಿದರು. ಸಂಗೀತದ ದೊಡ್ಡ ಮಂದಿರಗಳೂ ದೊಡ್ಡ ವಾದಕರೂ ಇದ್ದ ಆ ಖಂಡದಲ್ಲಿ ತಾನೂ ಒಬ್ಬ ವಾದಕನಾಗಬೇಕೆಂಬ ಆಸೆಯು ಇಪ್ಪತ್ತರ ತರುಣನಿಗೆ ಇದ್ದಿತು. ಆದರೆ ಆ ವರ್ಷವೇ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ೧೯೪೦ನೆಯ ಇಸವಿ ಮಾರ್ಚಿ ತಿಂಗಳಿನಲ್ಲಿ ತಂದೆಯವರು ಬೊಂಬಾಯಿಯಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ ೩ರಂದು ಸಂತಾನವಿಲ್ಲದ ದೊಡ್ಡಪ್ಪನವರೂ ದೈವಾಧೀನರಾದರು. ಐದೇ ತಿಂಗಳಿನೊಳಗೆ ಮನೆಯ ಇಬ್ಬರು ಹಿರಿಯರನ್ನು ಕಳೆದುಕೊಂಡು, ಸೆಪ್ಟೆಂಬರ್ ೮ರಂದು, ಇಪ್ಪತ್ತೊಂದು ವರ್ಷದ ಈ ತರುಣರು ಮೈಸೂರಿನ ಸಿಂಹಾಸನವನ್ನೇರಿದರು. ವಾದಕನು ಕುಳಿತುಕೊಳ್ಳುವ ಚಿಕ್ಕ ಪೀಠವನ್ನು ಬಯಸಿದ್ದವರಿಗೆ ರತ್ನಸಿಂಹಾಸನವು ದೊರೆಯಿತು.

ಇದನ್ನು ಓದಿ ನಗುವವರೂ ಉಂಟು. ರಾಜ್ಯವು ದೊರೆತುದನ್ನು ಕಷ್ಟವೆಂದು ಎಣಿಸುವುದುಂಟೇ ಎಂದು ನನ್ನ ಸಹೋದ್ಯೋಗಿಯೊಬ್ಬರೇ ನನ್ನನ್ನು ಕೇಳಿದರು. ನಾನು ಅದನ್ನು ಕಷ್ಟವೆಂದು ಹೇಳುತ್ತಿಲ್ಲ. ಆದರೆ ಸಭಾಮಂದಿರದಲ್ಲಿ ನುಡಿಸುವ ವಾದಕನಿಗೆ ನಿತ್ಯವೂ ಐದಾರು ಗಂಟೆಗಳ ಅಭ್ಯಾಸವು ಬೇಕು. ಅದು ಇಪ್ಪತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೈಗೂಡದಿದ್ದರೆ ತರುವಾಯ ಕೈಗೂಡುವುದು ಬಹು ಕಷ್ಟ. ಕಡತಗಳಿಗೂ ದರ್ಬಾರಿಗೂ ಕೊಟ್ಟ ಆ ಗಂಟೆಗಳನ್ನು ಯಾವ ಭಂಡಾರದ ಹಣವೂ ಮರಳಿ ತರಲಾರದು.

ಅಷ್ಟಾದರೂ ಅವರು ವಾದ್ಯವನ್ನು ಬಿಡಲಿಲ್ಲವೆಂಬುದನ್ನು ಗಮನಿಸಬೇಕು. ಪಟ್ಟಕ್ಕೆ ಬಂದು ಐದು ವರ್ಷಗಳಾದ ಮೇಲೆ, ೧೯೪೫ರಲ್ಲಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ವಿದ್ಯಾಲಯದ ಲೈಸೆನ್ಷಿಯೇಟ್ ಪದವಿಯನ್ನು ಅವರು ಪಡೆದರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನವರು ಅದೇ ವರ್ಷ ಅವರನ್ನು ತಮ್ಮ ಗೌರವ ಫೆಲೋ ಆಗಿ ಮಾಡಿಕೊಂಡರು. ಟ್ರಿನಿಟಿಯವರದು ಗೌರವಾರ್ಥವಾದುದು, ಗಿಲ್ಡ್‌ಹಾಲಿನ ಪದವಿಯಾದರೋ ವಿದ್ಯೆಗೆ ಸಲ್ಲುವಂತಹುದು. ಪರೀಕ್ಷೆಯೆಂದರೆ ಕೈಕಾಲು ನಡುಗುವ ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಈ ಸಂಗತಿಯನ್ನು ಆಗಾಗ್ಗೆ ಹೇಳುವುದುಂಟು.

ಇನ್ನು ಈ ಚರಿತ್ರೆಯ ಮುಖ್ಯವಾದ ಭಾಗಕ್ಕೆ ಬರೋಣ. ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾ ದೇಶದ ವೃದ್ಧ ವಾದಕರು ವಾಸವಾಗಿದ್ದರು. ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿ, ೧೯೦೦ರಲ್ಲಿ ಅಲ್ಲಿಯ ಸಂಗೀತ ವಿದ್ಯಾಲಯದಿಂದ ಉತ್ತಮ ಶ್ರೇಣಿಯಲ್ಲಿ ಹೊರಬಂದ ಅವರು, ಸಂಚಾರಿ ವಾದಕನ ಕೀರ್ತಿಗಿಂತ ಸ್ವಂತ ರಚನೆಯೇ ಮೇಲೆಂದು ಭಾವಿಸಿದವರು. ಪ್ರಸಿದ್ಧರಾದ ರಖ್ಮಾನಿನೋವರು ಅವರ ಆಪ್ತ ಸ್ನೇಹಿತರು. ಇವರು ಒಂದು ಕೃತಿಯನ್ನು ಅವರಿಗೂ, ಅವರು ಒಂದು ಕೃತಿಯನ್ನು ಇವರಿಗೂ ಅರ್ಪಿಸಿಕೊಂಡಿದ್ದರು. ಕ್ರಾಂತಿಯ ತರುವಾಯ ೧೯೨೧ರಲ್ಲಿ ಮೆಟ್ನರರು ಪತ್ನಿಯೊಡನೆ ಸ್ವದೇಶವನ್ನು ಬಿಟ್ಟು, ಹಲವೆಡೆ ಅಲೆದು, ೧೯೩೫ರಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಅವರ ರಚನೆಗಳು ಹೊಸ ಕಾಲದ ರುಚಿಗೆ ಹಿಡಿಸಲಿಲ್ಲ. ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಬೇಕಾಯಿತು. ಮಹಾಯುದ್ಧವು ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪ ಹಣವೂ ನಿಂತಿತು. ೧೯೪೨ರಲ್ಲಿ ಹೃದಯಬೇನೆಯು ತಾಗಿತು. ಎಡ್ನಾ ಐಲ್ಸ್ ಎಂಬ ಶಿಷ್ಯೆಯೊಬ್ಬಳು ಗುರುದಂಪತಿಗಳಿಗೆ ವಾರ್ವಿಕ್‌ಷೈರ್ ಸೀಮೆಯಲ್ಲಿ ಆಶ್ರಯವಿತ್ತು ಸಲಹಿದಳು. ಅಲ್ಲಿಯೇ ಅವರು ತಮ್ಮ ಮೂರನೆಯ ಪಿಯಾನೋ ಕನ್ಚರ್ಟೋವನ್ನು, ಅಂದರೆ ಪಿಯಾನೋವೂ ದೊಡ್ಡ ವಾದ್ಯಗೋಷ್ಠಿಯೂ ಕೂಡಿ ನಡೆಸುವ ದೀರ್ಘ ಕೃತಿಯನ್ನು, ಮುಗಿಸಿದರು. ೧೯೪೪ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾವೇ ಅದನ್ನು ಮೊದಲ ಸಲ ನುಡಿಸಿದರು.

ಇಂತಹ ಬಡ ವೃದ್ಧರ ಸಂಗೀತವು ಸಾವಿರಾರು ಮೈಲಿ ದೂರದ ಮೈಸೂರಿನಲ್ಲಿ ಅಲ್ಲಿಯ ಅರಸರ ಮನಸ್ಸನ್ನು ಹಿಡಿದಿದ್ದಿತು. ಯುದ್ಧವು ಮುಗಿದು ೧೯೪೬ ಬಂದೊಡನೆ ಮಹಾರಾಜರು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಎಂಬ ಸಂಸ್ಥೆಯನ್ನು ತಮ್ಮ ಧನದಿಂದ ಸ್ಥಾಪಿಸಿದರು. ಮೆಟ್ನರರ ಕೃತಿಗಳೆಲ್ಲವನ್ನೂ ಅವರ ಕೈಯಿಂದಲೇ ನುಡಿಸಿ ಗ್ರಾಮಫೋನ್ ಪ್ಲೇಟುಗಳಲ್ಲಿ ಹಿಡಿದಿಡುವುದೇ ಅದರ ಉದ್ದೇಶ. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯವರು, ನಾಯಿಯ ಮುದ್ರೆಯಿಂದ ನಮ್ಮ ಹಿರಿಯರು ಗುರುತಿಸುತ್ತಿದ್ದ ಅದೇ ಕಂಪೆನಿಯವರು, ಈ ಕೆಲಸವನ್ನು ವಹಿಸಿಕೊಂಡರು. ಆಗಿನ ಪ್ಲೇಟಿನ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷಗಳ ನಾದ ಮಾತ್ರ ಹಿಡಿಯುತ್ತಿದ್ದಿತು. ಆದುದರಿಂದ ಅರ್ಧಗಂಟೆಗೆ ಮೀರಿದ ಕೃತಿಯನ್ನು ತುಂಡು ತುಂಡಾಗಿ ನುಡಿಸಿ, ತಪ್ಪಿದರೆ ಮೊದಲಿನಿಂದ ಮತ್ತೆ ನುಡಿಸಬೇಕಾಗುತ್ತಿದ್ದಿತು. ಹೃದಯಬೇನೆಯುಳ್ಳ ಅರುವತ್ತೇಳು ವರ್ಷದ ಮುದುಕರು ಇದನ್ನು ಹೇಗೆ ತಾಳಿದರೋ! ಆದರೂ ಮೂರು ಕನ್ಚರ್ಟೋಗಳೂ ಫಿಲ್‌ಹಾರ್ಮೋನಿಯ ವಾದ್ಯಗೋಷ್ಠಿಯೊಡನೆ ಮುದ್ರಿತವಾದವು. ಕೆಲವು ಸೊನಾಟಾಗಳೂ ಸಣ್ಣ ಕೃತಿಗಳೂ ಆದವು. ಎಲಿಜಬೆತ್ ಷ್ವಾರ್ಟ್ಸ್‌ಕೋಫ್ ಎಂಬ ಪ್ರಸಿದ್ಧ ಗಾಯಕಿಯು ಹಾಡಿದ ಅವರ ಗೀತಗಳಿಗೆ ಅವರೇ ಪಕ್ಕವಾದ್ಯ ನುಡಿಸಿದರು. ಈ ಪ್ಲೇಟುಗಳು ಮೂರು ಸಂಪುಟಗಳಾಗಿ ಹೊರಬಂದವು. ಎಲ್ಲ ಕೃತಿಗಳೂ ಆಗುವ ಮೊದಲೇ, ೧೯೫೧ನೆಯ ಇಸವಿ ನವೆಂಬರ್ ೧೩ರಂದು, ಮೆಟ್ನರರು ಲಂಡನ್ನಿನಲ್ಲಿ ತೀರಿಕೊಂಡರು. ತಮ್ಮ ಮೂರನೆಯ ಕನ್ಚರ್ಟೋವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಜಗತ್ತಿನಲ್ಲಿ ಯಾವ ವಾದಕನು ಆ ಕೃತಿಯ ಪುಸ್ತಕವನ್ನು ತೆರೆದರೂ ಮೈಸೂರಿನ ಹೆಸರು ಅಲ್ಲಿರುತ್ತದೆ.

ಫಿಲ್‌ಹಾರ್ಮೋನಿಯ ಎಂಬ ಆ ವಾದ್ಯಗೋಷ್ಠಿಯೂ ಮಹಾರಾಜರ ಋಣದಲ್ಲಿದ್ದಿತು. ೧೯೪೫ರಲ್ಲಿ ಅದನ್ನು ಕಟ್ಟಿದ ವಾಲ್ಟರ್ ಲೆಗ್ ಎಂಬವರು ಹಣಕ್ಕಾಗಿ ಕಷ್ಟಪಡುತ್ತಿದ್ದಾಗ, ಅವರೇ ಬರೆದಿಟ್ಟಿರುವ ಪ್ರಕಾರ, ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷ ಮಹಾರಾಜರು ನೆರವಿತ್ತರು. ೧೯೪೮ರಲ್ಲಿ ಅದರ ಸಂಗೀತ ಸಭೆಗೆ ಮೊದಲನೆಯ ಅಧ್ಯಕ್ಷರಾದರು. ಲೆಗ್ ಅವರು ಮೈಸೂರಿಗೆ ಬಂದು ನೋಡಿದಾಗ ಅರಮನೆಯಲ್ಲಿ ಹಲವು ದೊಡ್ಡ ಪಿಯಾನೋಗಳನ್ನೂ ಬಹು ದೊಡ್ಡ ಪ್ಲೇಟು ಭಂಡಾರವನ್ನೂ ಕಂಡು ಬೆರಗಾದರು. ಆ ಭಂಡಾರದಲ್ಲಿದ್ದ ಪ್ಲೇಟುಗಳು ಸುಮಾರು ೨೦,೦೦೦ ಎಂದು ಅಂದಾಜು. ೧೯೫೦ನೆಯ ಇಸವಿ ಮೇ ೨೨ರಂದು ಜರ್ಮನಿಯ ರಿಚರ್ಡ್ ಸ್ಟ್ರಾಸರ ಕಡೆಯ ನಾಲ್ಕು ಗೀತಗಳು, ಅವರು ಗತಿಸಿದ ಮರುವರ್ಷ, ಲಂಡನ್ನಿನಲ್ಲಿ ಮೊದಲ ಸಲ ಹಾಡಲ್ಪಟ್ಟವು. ಕಿರ್ಸ್ಟನ್ ಫ್ಲಾಗ್‌ಸ್ಟಾಟ್ ಹಾಡಿದರು. ಫುರ್ಟ್‌ವೆಂಗ್ಲರ್ ವಾದ್ಯಗೋಷ್ಠಿಯನ್ನು ನಡೆಸಿದರು. ಆ ಕಚೇರಿಗೆ ೪,೮೦೦ ಡಾಲರುಗಳ ಹೊಣೆ ಹೊತ್ತವರು ನಮ್ಮ ಮಹಾರಾಜರು. ಅವರಿಗೆ ಹೋಗಲಾಗಲಿಲ್ಲ, ಕಚೇರಿಯನ್ನು ಪ್ಲೇಟಿನಲ್ಲಿ ಹಿಡಿದು ಮೈಸೂರಿಗೆ ಕಳುಹಿಸಿಕೊಡಬೇಕೆಂಬುದೇ ಅವರ ಅಪೇಕ್ಷೆ. ಸಭೆಯಲ್ಲಿ ನುಡಿಸಬೇಕೆಂದಿದ್ದವರು ಹೀಗೆ ಸಭೆಯಿಂದ ಸಾವಿರಾರು ಮೈಲಿ ದೂರದಲ್ಲಿ ಕುಳಿತು ಕೇಳುವವರಾದರು.

ಇಲ್ಲಿ ಒಂದು ಪ್ರಶ್ನೆಯು ಏಳುವುದು ಸಹಜ. ಯುದ್ಧಾನಂತರದ ಆ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಧಾನ್ಯಕ್ಕೂ ಪಡಿತರವಿದ್ದಿತು. ೧೯೪೭ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಪ್ರಜೆಗಳು ಮೈಸೂರು ಚಲೋ ಚಳವಳಿಯನ್ನು ಹೂಡಿದ್ದರು. ಆಗ ಲಂಡನ್ನಿನ ವಾದ್ಯಗೋಷ್ಠಿಗೆ ಸಾವಿರಾರು ಪೌಂಡುಗಳು ಹೋದುದು ಯುಕ್ತವೇ? ನಮ್ಮ ಶಾಲೆಗೆ ಒಂದು ಹೊಸ ಹಾರ್ಮೋನಿಯಂ ಕೊಳ್ಳಬೇಕಾದರೆ ಮೂರು ಸಭೆಗಳನ್ನು ಕರೆದು ಚರ್ಚಿಸುವ ನನಗೆ ಇದನ್ನು ಸುಲಭವಾಗಿ ಸೈ ಎನ್ನಲು ಮನಸ್ಸು ಬಾರದು. ಆದರೆ ಅದೇ ಮಹಾರಾಜರು ೧೯೪೭ರ ಆಗಸ್ಟ್ ತಿಂಗಳಿನಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಮಾಡಿದರೆಂಬುದನ್ನೂ, ಅಕ್ಟೋಬರಿನಲ್ಲಿ ಪ್ರಜೆಗಳ ಬೇಡಿಕೆಯನ್ನೊಪ್ಪಿ ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲಕ್ಕೆ ಅಧಿಕಾರವನ್ನು ಬಿಟ್ಟುಕೊಟ್ಟರೆಂಬುದನ್ನೂ ಮರೆಯಲಾಗದು. ಬಯಸಿ ಬಾರದ ಸಿಂಹಾಸನವನ್ನು ಬಿಡುವುದು ಅವರಿಗೆ ಇತರ ಅರಸರಿಗಿಂತ ಸುಲಭವಾಗಿದ್ದಿರಬಹುದೆಂದು ನನಗೆ ಕೆಲವು ಸಲ ತೋರುತ್ತದೆ. ವಿಲೀನದ ಬಳಿಕ ಅವರಿಗೆ ನಿಗದಿಯಾದ ರಾಜಧನವು ವರ್ಷಕ್ಕೆ ೨೬ ಲಕ್ಷ ರೂಪಾಯಿ.

ಪಿಯಾನೋಗೆ ಗಮಕವು ಸಾಧ್ಯವಿಲ್ಲವೆಂದು ಮೇಲೆ ಹೇಳಿದೆನಷ್ಟೆ. ಪಾಶ್ಚಾತ್ಯ ಸಂಗೀತದಲ್ಲಿ ಪದವಿ ಪಡೆದ ಮಹಾರಾಜರು, ಸಿಂಹಾಸನವೇರಿದ ಮೇಲೆ, ಮನೆಯ ಅಂಗಳದಲ್ಲಿಯೇ ಇದ್ದ ಕರ್ಣಾಟಕ ಸಂಗೀತದ ಕಡೆಗೆ ತಿರುಗಿದರು. ಆಸ್ಥಾನ ವಿದ್ವಾಂಸರಾದ ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತರು. ಹಿರಿಯರಾದ ಮೈಸೂರು ವಾಸುದೇವಾಚಾರ್ಯರಿಂದ ಆ ಶಾಸ್ತ್ರದ ಮರ್ಮಗಳನ್ನರಿತರು. ಪಿಯಾನೋದಲ್ಲಿ ಬೆರಳು ಪಟ್ಟಿಯನ್ನು ತಾಕಿದರೆ ಸ್ವರವು ಸಿದ್ಧವಾಗಿ ನಿಂತಿರುತ್ತದೆ. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲಿನ ಮೇಲೆ ಎಳೆದು ಸ್ವರವನ್ನು ಹುಡುಕಿಕೊಳ್ಳಬೇಕು. ಹತ್ತೂ ಬೆರಳುಗಳಿಂದ ಒಮ್ಮೆಗೇ ಹಲವು ಸ್ವರಗಳನ್ನು ಹಿಡಿಯಲು ಬಲ್ಲವರು ಹೊಸದಾಗಿ ಒಂದೇ ಸ್ವರದ ಅಲುಗಾಟವನ್ನು ಕಲಿಯಲು ಕುಳಿತುಕೊಳ್ಳುವುದು ಸಾಮಾನ್ಯವಾದ ವಿನಯವಲ್ಲ, ಪ್ರಭುಗಳಾದವರಿಗಂತೂ ಅಲ್ಲ.

ಶ್ರೀವಿದ್ಯೆಯ ಉಪಾಸನೆಯಲ್ಲಿ ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ದೀಕ್ಷೆ ಪಡೆದಿದ್ದ ಅವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತ ಭಾಷೆಯ ೯೪ ಕೃತಿಗಳನ್ನು ರಚಿಸಿದರು. ಅವು ಬೇರೆ ಬೇರೆ ರಾಗಗಳಲ್ಲಿವೆ. ಅಪೂರ್ವ ರಾಗಗಳೂ ಹಲವು. ಅಠಾಣ ರಾಗದ ಶ್ರೀ ಮಹಾಗಣಪತಿಂ, ಗಂಭೀರನಾಟದ ಶ್ರೀ ಜಾಲಂಧರ ಎಂಬ ಕೃತಿಗಳನ್ನು ಕಚೇರಿಗಳಲ್ಲಿ ಇಂದಿಗೂ ಹಾಡುತ್ತಾರೆ. ಬಳ್ಳಾರಿಯ ಸಂಗೀತಗೋಷ್ಠಿಯೊಂದರಲ್ಲಿ ಗಂಭೀರನಾಟದ ಆ ಕೃತಿಯನ್ನು ನಾನು ಕೇಳಿದಾಗ, ಪಕ್ಕದಲ್ಲಿ ಕುಳಿತಿದ್ದವರಿಗೆ ಅದು ಮಹಾರಾಜರೊಬ್ಬರ ರಚನೆಯೆಂಬುದೇ ತಿಳಿದಿರಲಿಲ್ಲ. ರಾಜನೆಂಬ ಗೌರವವನ್ನು ಕಳಚಿಟ್ಟು ಕೃತಿಯು ತನ್ನ ಕಾಲ ಮೇಲೆ ತಾನು ನಿಂತುದನ್ನು ಕಂಡು ನನಗೆ ಹರ್ಷವೇ ಆಯಿತು.

ಸೋದರಿಯರಲ್ಲಿ ವಿಜಯಾದೇವಿಯವರ ಮಾತನ್ನು ಹೇಳದೆ ಮುಂದೆ ಹೋಗಲು ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯಾದ ನನಗೆ ಮನಸ್ಸಿಲ್ಲ. ಅವರೂ ಬಾಲ್ಯದಿಂದ ಪಿಯಾನೋ ಕಲಿತವರು. ಕೋಟ್ಡಾ ಸಾಂಗಾಣಿ ಸಂಸ್ಥಾನಕ್ಕೆ ವಿವಾಹವಾಗಿ ಹೋದ ಮೇಲೆಯೂ ಅವರು ಅಭ್ಯಾಸವನ್ನು ಬಿಡದೆ, ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟಾಯರ್‌ಮನ್ ಎಂಬ ಹೆಸರಾಂತ ವಾದಕರಲ್ಲಿ ಶಿಷ್ಯವೃತ್ತಿ ಮಾಡಿದರು. ತರುವಾಯ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ದೇಶವಿದೇಶಗಳ ಸಂಗೀತಗಾರರನ್ನು ಅಲ್ಲಿಗೆ ಬರಮಾಡಿಕೊಂಡರು. ಅಣ್ಣನವರಿಗೆ ದೊರೆಯದ ಗುರುಸನ್ನಿಧಿಯು ತಂಗಿಗೆ ದೊರೆಯಿತು. ಅವರಿಗೆ ಅನುಕೂಲಗಳಿದ್ದವೆಂಬುದು ನಿಜ. ಅನುಕೂಲವಿದ್ದೂ ವಿವಾಹದ ದಿನವೇ ವಾದ್ಯಕ್ಕೆ ಬೀಗ ಹಾಕಿದವರನ್ನೂ ನಾನು ಬಲ್ಲೆ.

ನಮ್ಮ ಸಿರುಗುಪ್ಪಕ್ಕೂ ಮಹಾರಾಜರಿಗೂ ಒಂದು ಸಂಬಂಧವುಂಟು. ನಮ್ಮ ಹಿರಿಯರು ಮದರಾಸು ಪ್ರಾಂತದವರಾಗಿದ್ದರು. ಆಂಧ್ರ ರಾಜ್ಯವು ಹುಟ್ಟಿದ ೧೯೫೩ನೆಯ ಇಸವಿ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯು ಎರಡಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ, ಬಳ್ಳಾರಿ, ಹೊಸಪೇಟೆ ಮುಂತಾದವು ಮೈಸೂರು ರಾಜ್ಯಕ್ಕೆ ಸೇರಿದವು. ಅಣ್ಣತಮ್ಮಂದಿರ ಮನೆಗಳ ನಡುವೆಯೇ ಎರಡು ರಾಜ್ಯಗಳ ಗಡಿಯು ಬಿದ್ದ ಕಥೆಗಳನ್ನು ಇಲ್ಲಿಯ ಹಿರಿಯರಿಂದ ಈಗಲೂ ಕೇಳಬಹುದು. ಆಗ ಮೈಸೂರು ರಾಜ್ಯಕ್ಕೆ ರಾಜಪ್ರಮುಖರಾಗಿದ್ದವರು ಶ್ರೀ ಜಯಚಾಮರಾಜೇಂದ್ರರು. ಹೀಗೆ ಎಂದೂ ಮೈಸೂರು ಅರಸರ ಪ್ರಜೆಗಳಾಗುವೆವೆಂದು ಎಣಿಸದಿದ್ದ ಈ ತುಂಗಭದ್ರೆಯ ದಡದ ಜನರಿಗೂ ಅವರು ಮೂರು ವರ್ಷ ರಾಜಪ್ರಮುಖರಾದರು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗ ವಿಶಾಲ ಮೈಸೂರು ರಾಜ್ಯಕ್ಕೆ ಮೊದಲನೆಯ ರಾಜ್ಯಪಾಲರಾದರು. ೧೯೬೪ರಿಂದ ೧೯೬೬ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ಸಂಗೀತ ನಾಟಕ ಅಕಾಡೆಮಿಯವರು ೧೯೬೬ರಲ್ಲಿ ತಮ್ಮ ಫೆಲೋಷಿಪ್ಪನ್ನು ಅವರಿಗಿತ್ತರು. ಅವರ ಹೆಸರಿನ ಗ್ರಂಥರತ್ನಮಾಲೆಯಲ್ಲಿ ಋಗ್ವೇದವೇ ಮೊದಲಾದ ಗ್ರಂಥಗಳು ಕನ್ನಡದಲ್ಲಿ ಬಂದುದನ್ನು ನಮ್ಮ ಪೋಷಕರಲ್ಲಿ ಕೆಲವರು ಬಲ್ಲರು. ೧೯೭೧ರಲ್ಲಿ ರಾಜಧನವು ರದ್ದಾಯಿತು. ೧೯೭೪ನೆಯ ಇಸವಿ ಸೆಪ್ಟೆಂಬರ್ ೨೩ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನ ಅರಮನೆಯಲ್ಲಿ ಅವರು ದೇಹವನ್ನು ಬಿಟ್ಟರು.

ಮೆಟ್ನರರು ನುಡಿಸಿದ ಆ ಪ್ಲೇಟುಗಳ ನಾದವು ಈಚೆಗೆ ಸಿ.ಡಿ.ಗಳಲ್ಲಿ ಮರಳಿ ಪ್ರಕಟವಾಗಿದೆ. ಅದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಮ್ಮೆ ಕೇಳಿಸಿದೆನು. ಮೊದಲಿಗೆ ಬಾಣಲೆಯಲ್ಲಿ ಒಗ್ಗರಣೆ ಸಿಡಿಯುವಂತಹ ಸದ್ದು ಕೇಳಿ ನಕ್ಕರು. ಕೃತಿಯು ಮುಂದುವರಿದಂತೆ ಸುಮ್ಮನಾದರು. ಮಹಾರಾಜರು ತಾವು ನುಡಿಸಿದ್ದೇಕೆ ಪ್ಲೇಟಿನಲ್ಲಿಲ್ಲವೆಂದು ಅವರಲ್ಲಿ ಒಬ್ಬಳು ಕೇಳಿದಾಗ, ಆದವಾನಿಯ ವಿದ್ಯಾರ್ಥಿನಿಯ ಮುಂದೆ ಸುಮ್ಮನಿದ್ದಂತೆಯೇ ಈ ಹುಡುಗಿಯ ಮುಂದೆಯೂ ಸುಮ್ಮನಾದೆನು. ಅದನ್ನು ಕೇಳಲಿಚ್ಛಿಸುವ ಹಳೆಯ ವಿದ್ಯಾರ್ಥಿನಿಯರು ಶಾಲೆಯ ದಿನಗಳಲ್ಲಿ ಸಾಯಂಕಾಲ ಪಾಠಗಳು ಮುಗಿದ ಮೇಲೆ ನನ್ನ ಕೊಠಡಿಗೆ ಬರಬಹುದು. ಪ್ರಾರ್ಥನಾ ಮಂದಿರದ ಹಾರ್ಮೋನಿಯಂನ ತಿದಿಯನ್ನು ಈ ಬೇಸಗೆಯಲ್ಲಿ ರಿಪೇರಿ ಮಾಡಿಸಲಾಗಿದೆ. ಅದಕ್ಕೆ ಬೀಗವನ್ನು ಹಾಕುವುದಿಲ್ಲ.